ಕ್ರೂಸರ್ ತಡೆದಾಯ್ತು, ಮುಂದೇನು? ರಾಯಚೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಹತ್ತಿ ಒಡೆಯುತ್ತಿದ್ದಂತೆ ದೇವದುರ್ಗ, ಲಿಂಗಸುಗೂರು, ಮಾನ್ವಿ, ಸಿರವಾರ ಕಡೆಯ ರಸ್ತೆಗಳಲ್ಲಿ ನಸುಕಿಗೇ ಕ್ರೂಸರ್, ಟಂಟಂಗಳ ಓಡಾಟ ಶುರುವಾಗುತ್ತದೆ. ಅಕ್ಟೋಬರಿನಿಂದ ಜನವರಿವರೆಗೆ ಹತ್ತಿ, ಅದು ಮುಗಿಯುವ ಹೊತ್ತಿಗೆ ಮೆಣಸಿನಕಾಯಿ. ಗಾಡಿಯೊಳಗೆ ಹೆಂಗಸರ ನಡುವೆ, ಲಂಗದ ಮೇಲೆ ಅಪ್ಪನ ಹಳೇ ಅಂಗಿ ತೊಟ್ಟ ಹುಡುಗಿಯರೂ ಇರುತ್ತಾರೆ. ಆಗೊಮ್ಮೆ ಈಗೊಮ್ಮೆ ಅಧಿಕಾರಿಗಳ ತಂಡ ಗಾಡಿ ತಡೆದು ಮಕ್ಕಳನ್ನು ಇಳಿಸುತ್ತದೆ. ಇಷ್ಟು ಮಕ್ಕಳ ರಕ್ಷಣೆ ಎಂದು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಆ ಸುದ್ದಿ ಬಂದ ದಿನದಿಂದ ಮುಂದಿನ ಹಂಗಾಮಿನವರೆಗೆ ಏನೇನು ಆಗಬೇಕು, ಎಲ್ಲೆಲ್ಲಿ ತಪ್ಪುತ್ತದೆ ಎಂದು ತಮ್ಮ ಮುಂದಿಡಲು ಈ ಪತ್ರ.

ತಮಗೇ ಬರೆಯುವುದಕ್ಕೆ ಕಾರಣವಿದೆ. ಬಾಲ ನ್ಯಾಯ ಕಾಯ್ದೆ, 2015ಕ್ಕೆ 2021ರಲ್ಲಿ ಆದ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ತಮ್ಮ ಮೇಲ್ವಿಚಾರಣೆಯಲ್ಲಿದೆ. ಪಾಲನೆ-ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕಾದವರು ತಾವು, ಸಮಿತಿಯ ಬಗ್ಗೆ ದೂರಿದ್ದರೆ ಕೇಳಬೇಕಾದವರೂ ತಾವು. ದತ್ತು ಆದೇಶವೂ ನ್ಯಾಯಾಲಯದಿಂದ ತಮ್ಮ ಮೇಜಿಗೆ ಬಂದಿದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ, ಅಂದರೆ ಮಗುವಿಗಾಗಿ ಮನೆಗೆ ಕೊಡುವ ತಿಂಗಳ ನೆರವು, ಮಂಜೂರು ಮಾಡುವ ಸಮಿತಿಗೆ ತಾವೇ ಅಧ್ಯಕ್ಷರು. ಕಂದಾಯ, ಶಿಕ್ಷಣ, ಕಾರ್ಮಿಕ, ಪೊಲೀಸ್, ಪಂಚಾಯಿತಿ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸುವ ಶಕ್ತಿ ಜಿಲ್ಲೆಯಲ್ಲಿ ಬೇರೆ ಯಾರಿಗೂ ಇಲ್ಲ.

ಮೊದಲು ದಾಳಿಯ ವಿಚಾರ. ಹೊಲಕ್ಕೆ ನುಗ್ಗುವ ದಾಳಿ ಬೇಡ. ಖಾಕಿ ಕಂಡ ಕೂಡಲೇ ಮಕ್ಕಳು ದಿಕ್ಕಾಪಾಲಾಗಿ ಓಡುತ್ತಾರೆ. ನಾರಾಯಣಪುರ ಬಲದಂಡೆಯ ಮತ್ತು ತುಂಗಭದ್ರಾ ಎಡದಂಡೆಯ ಕಾಲುವೆಗಳು ಹೊಲದ ಬದುವಿಗೇ ಹರಿಯುವ ಸೀಮೆ ಇದು, ಓಡಿದ ಮಗು ಎಲ್ಲಿ ಬೀಳುತ್ತದೆಂದು ಹೇಳಲಾಗದು. ಗಾಡಿ ಊರು ದಾಟುವ ಮುನ್ನ, ಬೆಳಗಿನ 6ರಿಂದ 7ರೊಳಗೆ, ಊರ ಅಂಚಿನಲ್ಲೇ ನಿಲ್ಲಿಸುವುದು ಲೇಸು. ಅಲ್ಲಿಂದ ಠಾಣೆಗೆ ಒಯ್ಯದೆ ಹತ್ತಿರದ ಶಾಲೆಗೋ ಗ್ರಾಮ ಪಂಚಾಯಿತಿ ಕಟ್ಟಡಕ್ಕೋ ಕರೆದೊಯ್ಯಬೇಕು. ತಂಡದಲ್ಲಿ ಕಾರ್ಮಿಕ ನಿರೀಕ್ಷಕರು, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, ರಕ್ಷಣಾ ಘಟಕದವರು, ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಅಂದರೆ ಸಿಆರ್‌ಪಿ ಇರಲಿ. ಇಬ್ಬರಾದರೂ ಮಹಿಳೆಯರಿರಲೇಬೇಕು. ಪೊಲೀಸರು ಸಮವಸ್ತ್ರದಲ್ಲಿ ಬೇಡ. ಕುಡಿಯುವ ನೀರು, ಉಪ್ಪಿಟ್ಟು, ಸ್ಯಾನಿಟರಿ ಪ್ಯಾಡ್, ಚಾಲಕನಿಗೂ ಮಕ್ಕಳಿಗೂ ಬೇರೆಬೇರೆ ವಾಹನ, ಇವನ್ನು ಹಿಂದಿನ ರಾತ್ರಿಯೇ ಹೊಂದಿಸಿಟ್ಟುಕೊಳ್ಳಬೇಕು. ಗಾಡಿಯಲ್ಲಿ ಮಗುವಿನ ತಾಯಿಯೋ ಚಿಕ್ಕಮ್ಮನೋ ಇದ್ದರೆ ಅವರನ್ನು ಅಲ್ಲೇ ಬಿಟ್ಟು ಮಗುವನ್ನು ಮಾತ್ರ ಕರೆದೊಯ್ಯುವುದು ದೊಡ್ಡ ತಪ್ಪು. ಮಗುವಿನ ಪಾಲಿಗೆ ಅದು ಅಪಹರಣವೇ. ಆಮೇಲೆ ಆ ಮಗು ಯಾವ ಅಧಿಕಾರಿಗೂ ಬಾಯಿ ಬಿಡುವುದಿಲ್ಲ.

ಗಾಡಿ ನಿಲ್ಲಿಸಿದ ಮೇಲೆ ಆಗುವ ಪ್ರಮಾದವೇ ಬೇರೆ. ಮಿತಿಮೀರಿ ಜನ ತುಂಬಿದ್ದಕ್ಕೆ ಮೋಟಾರು ವಾಹನ ಕಾಯ್ದೆಯಡಿ ದಂಡ ಹಾಕಿ, ಚಾಲಕನಿಂದ ಒಂದು ಮುಚ್ಚಳಿಕೆ ಬರೆಸಿಕೊಂಡರೆ ಕಡತ ಮುಗಿದಂತೆ. ಮಕ್ಕಳನ್ನು ಗೊತ್ತುಮಾಡಿದ ಮೇಸ್ತ್ರಿಯಾಗಲಿ ಹೊಲದ ಮಾಲೀಕನಾಗಲಿ ಅದರಲ್ಲಿ ಕಾಣುವುದೇ ಇಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ದುಡಿಸಿದವರಿಗೆ ಮಕ್ಕಳ ಮತ್ತು ಹದಿಹರೆಯದವರ ದುಡಿಮೆ ಕಾಯ್ದೆಯಡಿ 6 ತಿಂಗಳಿಂದ 2 ವರ್ಷದವರೆಗೆ ಸೆರೆ, 20 ಸಾವಿರದಿಂದ 50 ಸಾವಿರದವರೆಗೆ ದಂಡ, ಅಥವಾ ಎರಡೂ ಇವೆ. ಆ ದಂಡದ ಹಣ ಮಗುವಿನ ಪುನರ್ವಸತಿ ನಿಧಿಗೆ ಹೋಗಬೇಕು, ಅದರೊಂದಿಗೆ ಸರ್ಕಾರ ಮಗುವೊಂದಕ್ಕೆ 15 ಸಾವಿರ ಸೇರಿಸಬೇಕು. ಎಫ್‌ಐಆರ್ ಇಲ್ಲದಿದ್ದರೆ ಇದ್ಯಾವುದೂ ಇಲ್ಲ.

ಇನ್ನೊಂದು ಪ್ರಶ್ನೆ ಮೊದಲ ದಿನವೇ ಕೇಳದಿದ್ದರೆ ಮುಂದೆಂದೂ ಉತ್ತರ ಸಿಗದು. ಮುಂಗಡ ಯಾರು ಕೊಟ್ಟರು, ಎಷ್ಟು, ಯಾವ ಕಾರಣಕ್ಕೆ, ಎಷ್ಟು ತೀರಿದೆ? ಮುಂಗಡ ತೀರಿಸಲೆಂದೇ ಮಗು ದುಡಿಯುತ್ತಿದ್ದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ರಾಯಚೂರು ಅಥವಾ ಲಿಂಗಸುಗೂರಿನ ಉಪವಿಭಾಗಾಧಿಕಾರಿಗಳು ವಿಚಾರಣೆ ಮಾಡಿ ಬಿಡುಗಡೆ ಪತ್ರ ಕೊಡಬೇಕು. ಸಾಲ ಅಲ್ಲಿಗೆ ರದ್ದಾಗುತ್ತದೆ, 30 ಸಾವಿರದವರೆಗೆ ತಕ್ಷಣದ ನೆರವೂ ಸಿಗುತ್ತದೆ. ಮುಂಗಡದ ಸಾಲು ಹೇಳಿಕೆಯಲ್ಲಿ ಬಿಟ್ಟುಹೋದರೆ ಮಗು ಮನೆಗೆ ಹೋದ ವಾರದೊಳಗೆ ಮೇಸ್ತ್ರಿ ಬಾಗಿಲಿಗೆ ಬರುತ್ತಾನೆ. ಆ ಮನೆಯವರಿಗೆ ಕೊಡಲು ಇರುವುದು ಮಗುವಿನ ದುಡಿಮೆ ಒಂದೇ.

ಹದಿನಾಲ್ಕು ದಾಟಿದ ಹುಡುಗಿಯರ ವಿಚಾರದಲ್ಲಿ ತಂಡಗಳು ಕೈಚೆಲ್ಲುವುದೇ ಹೆಚ್ಚು. ಎಂಟನೇ ತರಗತಿ ಮುಗಿಸಿ ಶಾಲೆ ಬಿಟ್ಟವಳಿಗೆ ಶಿಕ್ಷಣ ಹಕ್ಕು ಕಾಯ್ದೆಯ ವಯಸ್ಸು ಮೀರಿರುತ್ತದೆ, ಹತ್ತಿ ಬಿಡಿಸುವುದು ಅಪಾಯಕಾರಿ ಕೆಲಸಗಳ ಪಟ್ಟಿಯಲ್ಲಿ ಇಲ್ಲ, ಹಾಗಾಗಿ 'ಇದು ನಮ್ಮ ವ್ಯಾಪ್ತಿಗೆ ಬರೋದಿಲ್ಲ' ಎಂಬ ಮಾತು. ಬರುತ್ತದೆ. ದುಡಿಮೆ ಕಾಯ್ದೆಯಲ್ಲಿ 'ಸಂಸ್ಥೆ' ಎಂಬುದರ ವ್ಯಾಖ್ಯೆಯೊಳಗೆ ಹೊಲವೂ ಸೇರಿದೆ. ಅದೇ ಕಾಯ್ದೆಯ 7ನೇ ಕಲಮಿನ ಪ್ರಕಾರ ಹದಿಹರೆಯದವರನ್ನು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ವಿಶ್ರಾಂತಿ, ಕೆಲಸಕ್ಕೆ ಕಾಯುವ ಹೊತ್ತು ಎಲ್ಲ ಸೇರಿ ದಿನಕ್ಕೆ 6 ಗಂಟೆ ಮೀರುವಂತಿಲ್ಲ. ನಸುಕಿಗೆ ಗಾಡಿ ಹತ್ತಿ ಹೊತ್ತು ಮುಳುಗಿದ ಮೇಲೆ ಇಳಿಯುವ ಹದಿನೈದರ ಹುಡುಗಿಯ ದಿನ ಯಾವ ಲೆಕ್ಕದಲ್ಲೂ ಆರು ಗಂಟೆಗೆ ಮುಗಿಯುವುದಿಲ್ಲ. ಕಾರ್ಮಿಕ ಕಾನೂನು ಮೀರಿ ದುಡಿಯುವ ಮಗು ಬಾಲ ನ್ಯಾಯ ಕಾಯ್ದೆಯ 2(14)ರ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವೇ. ಅವಳ ಕೂಲಿ ಹಿಡಿದಿಟ್ಟುಕೊಂಡಿದ್ದರೆ ಬಾಲ ನ್ಯಾಯ ಕಾಯ್ದೆಯದೇ 79ನೇ ಕಲಮು ಇದೆ: 5 ವರ್ಷದವರೆಗೆ ಕಠಿಣ ಸೆರೆ, ಒಂದು ಲಕ್ಷ ದಂಡ. ಕಾನೂನು ಇದೆ, ದೂರಿನಲ್ಲಿ ಸರಿಯಾದ ಕಲಮು ಬರೆಯುವವರು ಬೇಕು. ಕಾರ್ಮಿಕ ನಿರೀಕ್ಷಕರಿಗೂ ಪಿಎಸ್‌ಐಗಳಿಗೂ ಒಂದೇ ಪುಟದ ಮಾದರಿ ದೂರು ಸಿದ್ಧಪಡಿಸಿ ಕೊಟ್ಟರೆ ಅರ್ಧ ಕೆಲಸ ಆದಂತೆ.

ವಯಸ್ಸಿನ ಜಗಳ ಬೇರೆ. ಬಾಲ ನ್ಯಾಯ ಕಾಯ್ದೆಯ 94ನೇ ಕಲಮಿನ ಅನುಕ್ರಮ ಸ್ಪಷ್ಟವಾಗಿದೆ: ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ, ಅದೂ ಆದೇಶವಾದ 15 ದಿನದೊಳಗೆ. ಆಧಾರ್ ಈ ಸಾಲಿನಲ್ಲಿ ಇಲ್ಲ. ನಮ್ಮ ಕಡೆ ಜೂನ್ 1ಕ್ಕೆ ಹುಟ್ಟಿದವರು ಊರಿಗೆ ಅರ್ಧ ಜನ. ದಾಖಲಾತಿಯ ದಿನ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಆದರೂ ಕಾನೂನಿನ ಕಣ್ಣಿಗೆ ಅದೇ ಮೊದಲ ಸಾಕ್ಷ್ಯ. ಮೇಸ್ತ್ರಿಯ ವಕೀಲರು ಮೂಳೆ ಪರೀಕ್ಷೆ ಕೇಳಿದ ಕೂಡಲೇ ಒಪ್ಪಬೇಕಿಲ್ಲ.

ಮಗುವನ್ನು ಮಾತಾಡಿಸುವ ಬಗೆಯ ಮೇಲೆ ಬಹಳ ಸಂಶೋಧನೆ ನಡೆದಿದೆ. ಅಮೆರಿಕದ ರಾಷ್ಟ್ರೀಯ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ರೂಪುಗೊಂಡು 1990ರ ದಶಕದಿಂದ ಇಸ್ರೇಲ್‌ನಂಥ ದೇಶಗಳಲ್ಲಿ ಬಳಕೆಯಲ್ಲಿರುವ ವಿಧಾನದ ಸಾರ ಇಷ್ಟು: ಹೌದು-ಇಲ್ಲ ಎಂದು ಉತ್ತರಿಸುವ ಪ್ರಶ್ನೆಗಿಂತ, ಮಗು ತಾನೇ ಬಿಡಿಸಿ ಹೇಳುವಂಥ ಪ್ರಶ್ನೆಗೆ ಹೆಚ್ಚು ವಿವರ, ಹೆಚ್ಚು ನಿಖರ ಉತ್ತರ ಬರುತ್ತದೆ. 'ನಿನಗ ಹೊಡದಾರೇನು?' ಎಂದರೆ ಹೆದರಿದ ಮಗು 'ಇಲ್ರೀ' ಅನ್ನುತ್ತದೆ, ಅಲ್ಲಿಗೆ ಮುಗಿಯಿತು. 'ನಿನ್ನೆ ಮುಂಜಾನೆ ಎದ್ದಾಗಿಂದ ರಾತ್ರಿ ಮಲಗೋತನ ಏನೇನಾತು, ಒಂದೊಂದ ಹೇಳವ್ವ' ಅಂದು ಸುಮ್ಮನೆ ಕೂತರೆ ಮುಂಗಡ, ಹೊಡೆತ, ಕೂಲಿ, ಊಟ, ಯಾರ ಪಕ್ಕ ಕೂತಳು ಎಂಬುದೂ ತಾನಾಗಿ ಬರುತ್ತದೆ. 'ಆಮ್ಯಾಲೆ?' ಎಂಬ ಒಂದು ಮಾತು ಸಾಕು. ಮೊದಲ ಹತ್ತು ನಿಮಿಷ ಅವಳಿಗೆ ಇಷ್ಟವಾದ ಆಟ, ಮೇಕೆ, ತಂಗಿ ಯಾವುದರ ಬಗ್ಗೆಯಾದರೂ ಮಾತಾಡಿಸಿ ಬಾಯಿ ಸಡಿಲವಾಗಿಸಬೇಕು. 'ಗೊತ್ತಿಲ್ಲ' ಅನ್ನುವುದೂ ಉತ್ತರವೇ ಎಂದು ಮೊದಲೇ ಹೇಳಬೇಕು. ಪೊಲೀಸರು, ಕಾರ್ಮಿಕ ಇಲಾಖೆ, ರಕ್ಷಣಾ ಘಟಕ, ಸಮಿತಿ ನಾಲ್ವರೂ ಬೇರೆಬೇರೆಯಾಗಿ ಅದೇ ಕತೆ ಕೇಳಿದರೆ ನಾಲ್ಕನೇ ಸಲ ಮಗು ಕೇಳುವವರಿಗೆ ಹಿತವಾಗುವಂತೆ ಹೇಳತೊಡಗುತ್ತದೆ. ಒಬ್ಬರು ಕೇಳಲಿ, ಉಳಿದವರು ಓದಲಿ. ಮಾತಿನ ನಡುವೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ ಪೋಕ್ಸೊ ಕ್ರಮಕ್ಕೆ ಹೋಗಬೇಕು: ಪೊಲೀಸರಿಗೆ ಮಾಹಿತಿ, ಅವರಿಂದ 24 ಗಂಟೆಯೊಳಗೆ ಸಮಿತಿಗೆ ವರದಿ, ಮಗು ಬಯಸಿದ ಜಾಗದಲ್ಲಿ ಮಹಿಳಾ ಅಧಿಕಾರಿಯಿಂದ ಹೇಳಿಕೆ, ಜೊತೆಗೆ ಒಬ್ಬ ಬೆಂಬಲ ವ್ಯಕ್ತಿ.

ಫೋಟೊ ವಿಷಯದಲ್ಲಿ ಖಾರವಾಗಿಯೇ ಹೇಳಬೇಕಾಗಿದೆ. ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವ ಯಾವುದೂ ಪ್ರಕಟವಾಗಬಾರದು. 6 ತಿಂಗಳವರೆಗೆ ಸೆರೆ, 2 ಲಕ್ಷದವರೆಗೆ ದಂಡ. ಕಣ್ಣಿಗೆ ಕಪ್ಪುಪಟ್ಟಿ ಹಾಕಿ ಸಮವಸ್ತ್ರ ಹಾಗೇ ಬಿಟ್ಟು, ಅಡಿಯಲ್ಲಿ ಊರ ಹೆಸರು ಬರೆದರೆ ಊರಿನ ಪ್ರತಿಯೊಬ್ಬರಿಗೂ ಹುಡುಗಿ ಯಾರೆಂದು ಗೊತ್ತಾಗುತ್ತದೆ. ಇಂಥ ಚಿತ್ರಗಳು ಹೊರಬೀಳುವುದು ಬಹುಪಾಲು ಪತ್ರಕರ್ತರ ಕ್ಯಾಮೆರಾದಿಂದಲ್ಲ, ಇಲಾಖೆಗಳ ವಾಟ್ಸ್‌ಆ್ಯಪ್ ಗುಂಪುಗಳಿಂದ. ಪ್ರಗತಿ ವರದಿಗೆ ಫೋಟೊ ಕೇಳುವ ಅಭ್ಯಾಸ ಮೇಲಿನಿಂದಲೇ ನಿಲ್ಲಲಿ.

ಇನ್ನು ಸಮಿತಿ. 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಹೊತ್ತು ಲೆಕ್ಕಕ್ಕಿಲ್ಲ. ಸಮಿತಿ ಕೂರದ ದಿನ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಸಾಕು, ಆದರೆ ಅಂತಿಮ ತೀರ್ಮಾನಕ್ಕೆ ಮೂವರಾದರೂ ಇರಬೇಕು. ಲಿಂಗಸುಗೂರಿನ ತಾಂಡಾದ, ದೇವದುರ್ಗದ ದೊಡ್ಡಿಯ ತಾಯಿಯೊಬ್ಬಳು ರಾಯಚೂರಿಗೆ ಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಮೂರು ಸಲ ಬರಹೇಳಿದರೆ ನಾಲ್ಕನೇ ಸಲ ಆಕೆ ಬರುವುದಿಲ್ಲ, ಆಗ 'ಪೋಷಕರು ಆಸಕ್ತಿ ತೋರಲಿಲ್ಲ' ಎಂದು ಕಡತ ಹೇಳುತ್ತದೆ. ಹಂಗಾಮಿನ ನಾಲ್ಕು ತಿಂಗಳು ಲಿಂಗಸುಗೂರಿನಲ್ಲೂ ಸಿಂಧನೂರಿನಲ್ಲೂ ತಿಂಗಳಿಗೆರಡು ಬಾರಿ ಸಮಿತಿ ಕೂರಲು ಕೋಣೆ, ವಾಹನ ಒದಗಿಸಿಕೊಡಿ.

ಸಮಿತಿಯ ನಿರ್ಧಾರ ನಿಲ್ಲುವುದು, ಮಗುವಿನ ಮನೆಗೆ ಹೋಗಿ ಕಂಡು ಬರೆಯುವ ಸಾಮಾಜಿಕ ತನಿಖಾ ವರದಿಯ ಮೇಲೆ. ನಮೂನೆ 22, ಅವಧಿ 15 ದಿನ. ಇಲ್ಲೇ ವ್ಯವಸ್ಥೆ ಮುಗ್ಗರಿಸುತ್ತದೆ, ಅದಕ್ಕೆ ಲೆಕ್ಕವೇ ಕಾರಣ. ಮಿಷನ್ ವಾತ್ಸಲ್ಯದ ಸಿಬ್ಬಂದಿ ಮಾದರಿಯಲ್ಲಿ ಒಂದು ರಕ್ಷಣಾ ಘಟಕಕ್ಕೆ ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಕ್ಷೇತ್ರ ಕಾರ್ಯಕರ್ತರು. 2011ರ ಜನಗಣತಿಯಲ್ಲೇ ಈ ಜಿಲ್ಲೆಯ ಜನಸಂಖ್ಯೆ 19 ಲಕ್ಷ ದಾಟಿತ್ತು. ಒಂದೇ ಬೆಳಿಗ್ಗೆ ಎರಡು ಗಾಡಿ ತಡೆದು 24 ಮಕ್ಕಳನ್ನು ಇಳಿಸಿದರೆಂದು ಇಟ್ಟುಕೊಳ್ಳಿ. ಮನೆಗೆ ಎರಡರಂತೆ 15 ದಿನದಲ್ಲಿ 48 ಭೇಟಿ ಆಗಬೇಕು. ಆಗದು. ಆಗದಿದ್ದಾಗ ತನಿಖೆ ಫೋನಿನಲ್ಲಿ ನಡೆಯುತ್ತದೆ, ಇಲ್ಲವೇ ಅಂಗನವಾಡಿ ಕಾರ್ಯಕರ್ತೆ ಹೇಳಿದ್ದನ್ನೇ ಬರೆದುಕೊಂಡು ಬರುತ್ತಾರೆ. 'ಕುಟುಂಬ ಬಡತನದಲ್ಲಿದೆ, ಮಗುವನ್ನು ಶಾಲೆಗೆ ಕಳಿಸುವುದಾಗಿ ಪೋಷಕರು ಒಪ್ಪಿದ್ದಾರೆ' ಎಂಬ ಒಂದೇ ವಾಕ್ಯ ಹೆಸರು ಬದಲಾಗಿ ಹತ್ತು ವರದಿಗಳಲ್ಲಿ ಕಾಣುತ್ತದೆ. ಆ ವರದಿಯಿಂದ ಯಾರಿಗೂ ಏನೂ ತಿಳಿಯದು.

ಹೀಗಾಗಿ ಒಂದು ಮಾತು, ಕೆಲವರಿಗೆ ಹಿಡಿಸದಿದ್ದರೂ: ಬೆನ್ನು ಹತ್ತಿ ನೋಡಿಕೊಳ್ಳಲು ಆಗುವಷ್ಟೇ ಮಕ್ಕಳನ್ನು ದಾಳಿಯಲ್ಲಿ ಇಳಿಸಿ. ವಾರಕ್ಕೊಂದು ಗಾಡಿ ಸಾಕು. ಜೊತೆಗೆ ಅಂಗನವಾಡಿ ಮೇಲ್ವಿಚಾರಕಿಯರಲ್ಲಿ ಹೋಬಳಿಗೊಬ್ಬರನ್ನು ಆರಿಸಿ, ಎರಡು ದಿನ ತರಬೇತಿ ಕೊಟ್ಟು, ಸಮಿತಿಯ ಲಿಖಿತ ಆದೇಶದ ಮೇಲೆ ಗೃಹ ತನಿಖೆಗೆ ಕಳಿಸಬಹುದು. ತರಬೇತಿಗೆ ಬೇಕಾದ ಕೈಪಿಡಿಗಳು ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಸಿದ್ಧವಿವೆ.

ಒಳ್ಳೆಯ ಗೃಹ ತನಿಖೆ ಹಗಲು ಒಮ್ಮೆ, ದುಡಿಯುವವರು ಮನೆಗೆ ಬಂದ ಮೇಲೆ ರಾತ್ರಿ ಒಮ್ಮೆ ಆಗಬೇಕು. ಮನೆಯಲ್ಲಿ ಉಣ್ಣುವವರೆಷ್ಟು, ದುಡಿಯುವವರೆಷ್ಟು. ಸಾಲ ಎಷ್ಟು, ವಾರದ ಕಂತು ಯಾವ ದಿನ, ಕಟ್ಟುವವರು ಯಾರು. ಕೂಸನ್ನು ನೋಡಿಕೊಳ್ಳುವವರು ಯಾರು, ಅಂದರೆ ದೊಡ್ಡ ಹುಡುಗಿ ಶಾಲೆ ಬಿಟ್ಟದ್ದು ಹತ್ತಿಗಾಗಿಯೋ ತಮ್ಮನಿಗಾಗಿಯೋ. ತಮ್ಮನಿಗಾಗಿ ಎಂದಾದರೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆ ಬೆಳಿಗ್ಗೆ ಎಷ್ಟಕ್ಕೆ ತೆರೆಯುತ್ತದೆ ಎಂಬುದೇ ಆ ಹುಡುಗಿಯ ಭವಿಷ್ಯ. ಕೂಲಿಯವರ ಗಾಡಿ ಆರಕ್ಕೆ ಹೊರಡುವಾಗ ಕೂಸಿನ ಮನೆ ಒಂಬತ್ತೂವರೆಗೆ ತೆರೆದರೆ ಕೂಸು ಅಕ್ಕನ ಸೊಂಟದ ಮೇಲೇ ಇರುತ್ತದೆ. ಅಪ್ಪ ಕುಡಿಯುತ್ತಾನೆಯೇ ಎಂದು ನೇರ ಕೇಳಬೇಕಿಲ್ಲ, ಕೂಲಿ ಹಣ ಯಾರ ಕೈಗೆ ಬರುತ್ತದೆ ಎಂದು ಕೇಳಿದರೆ ಉತ್ತರ ಸಿಗುತ್ತದೆ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರಿದೆಯೇ? ಉದ್ಯೋಗ ಖಾತ್ರಿ ಕಾರ್ಡು ಯಾರ ಮನೆಯಲ್ಲಿದೆ? ಎಷ್ಟೋ ಸಲ ಅದು ಮೇಸ್ತ್ರಿಯ ಪೆಟ್ಟಿಗೆಯಲ್ಲಿರುತ್ತದೆ.

ಈ ತನಿಖೆಯ ಕೊನೆಗೆ ಬಹುತೇಕ ಮಕ್ಕಳಿಗೆ ಬೇಕಾಗುವುದು ಬಾಲಮಂದಿರವಲ್ಲ, ಮನೆಗೆ ತಿಂಗಳ ನೆರವು. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ, ವರ್ಷಕ್ಕೆ 48,000. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000, ಪಟ್ಟಣದಲ್ಲಿ 96,000 ಮೀರಿರಬಾರದು. ತಂದೆ ತೀರಿದ, ತಾಯಿಯನ್ನು ಬಿಟ್ಟುಹೋದ, ಅಜ್ಜ-ಅಜ್ಜಿಯ ಬಳಿ ಇರುವ ಅನಾಥ, ತಂದೆತಾಯಿ ದೊಡ್ಡ ಕಾಯಿಲೆಯಲ್ಲಿರುವ ಮಕ್ಕಳಿಗೂ, ದುಡಿಮೆಯಿಂದ ಬಿಡಿಸಿದ, ಬಾಲ್ಯವಿವಾಹದಿಂದ ತಪ್ಪಿಸಿದ ಮಕ್ಕಳಿಗೂ ಇದು ಸಲ್ಲುತ್ತದೆ.

ಅರ್ಜಿಗಳು ಬೀಳುವುದು ದಾಖಲೆಯಲ್ಲಿ. ಮಗುವಿನ ಹೆಸರು ಆಧಾರಿನಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಇಲ್ಲ. ಹೆಚ್ಚು ಕಾಡುವುದು ತಂದೆಯ ಮರಣ ಪತ್ರ. ಗುಳೆ ಹೋದಾಗ ಬೆಂಗಳೂರಿನ ಕಟ್ಟಡದ ಕೆಲಸದಲ್ಲೋ ಪುಣೆಯ ಕಡೆಯೋ ತೀರಿಕೊಂಡವನ ಸಾವು ನೋಂದಣಿಯೇ ಆಗಿರುವುದಿಲ್ಲ. ಹೆಣವನ್ನು ರಾತ್ರೋರಾತ್ರಿ ಊರಿಗೆ ತಂದು ಮಣ್ಣು ಮಾಡಿರುತ್ತಾರೆ. ನೋಂದಣಿ ಆಗಬೇಕಾದ್ದು ಸಾವು ಸಂಭವಿಸಿದ ಊರಿನಲ್ಲಿ. ವರ್ಷ ಮೀರಿದ್ದರೆ, ಜನನ-ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ಪ್ರಕಾರ ಆದೇಶ ಕೊಡುವ ಅಧಿಕಾರ ಆ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗಳದು. ಓದು ಬಾರದ ವಿಧವೆಯೊಬ್ಬಳು ಬೆಂಗಳೂರಿನ ಕಚೇರಿಗೆ ಅಲೆದು ಆ ಆದೇಶ ತರಲಾರಳು. ತಮ್ಮ ಕಚೇರಿಯಿಂದ ಆ ಕಚೇರಿಗೆ ಒಂದು ಪತ್ರ, ಜೊತೆಗೆ ಪಂಚನಾಮೆ ಹೋದರೆ ಬಾಗಿಲು ತೆರೆಯುತ್ತದೆ. ತಿಂಗಳಿಗೊಮ್ಮೆ ಇಂಥ ಕಡತಗಳನ್ನೆಲ್ಲ ಒಟ್ಟು ಮಾಡಿ ಕಳಿಸಲು ಒಬ್ಬ ಶಿರಸ್ತೇದಾರರನ್ನು ಗೊತ್ತುಮಾಡಿ.

ದೇವದಾಸಿ ತಾಯಂದಿರ ಮಕ್ಕಳ ಪಾಡು ಇನ್ನೂ ಕಷ್ಟ. ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ 1982ರದು, ಅರ್ಜಿಯ 'ತಂದೆಯ ಹೆಸರು' ಎಂಬ ಖಾಲಿ ಜಾಗ ಮಾತ್ರ ಇನ್ನೂ ಇದೆ. ಆ ತಾಯಿ ವಿಧವೆಯಲ್ಲ, ವಿಚ್ಛೇದಿತೆಯಲ್ಲ, ಹಾಗಾಗಿ ಅರ್ಜಿಯ ಯಾವ ಕಲಮಿಗೂ ಸೇರುವುದಿಲ್ಲ ಎಂದು ಗುಮಾಸ್ತರು ವಾಪಸು ಕಳಿಸುತ್ತಾರೆ. ದಾರಿ ಇದೆ. ಸಮಿತಿ ಆ ಮಗುವನ್ನು ಪಾಲನೆ-ರಕ್ಷಣೆ ಬೇಕಾದ ಮಗು ಎಂದು ಆದೇಶಿಸಿದರೆ ಆ ಆದೇಶವೇ ಅರ್ಹತೆ. ತಂದೆಯ ಯಾವ ದಾಖಲೆಯನ್ನೂ ಕೇಳಬಾರದು ಎಂದು ತಾವು ಒಂದು ಸುತ್ತೋಲೆ ಹೊರಡಿಸಿದರೆ ಗುಮಾಸ್ತರ ಭಯವೂ ಹೋಗುತ್ತದೆ.

ಹಣ ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಎಂಬ ಮಾತು ಸಭೆಗಳಲ್ಲಿ ಕೇಳಿಬರುವುದುಂಟು. ದಕ್ಷಿಣ ಆಫ್ರಿಕಾದಲ್ಲಿ ಲೂಸಿ ಕ್ಲೂವರ್ ಮತ್ತು ಸಂಗಡಿಗರು ಸುಮಾರು 3,500 ಹದಿಹರೆಯದ ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರವಾಗಬಲ್ಲದು. ಮನೆಗೆ ಹಣದ ನೆರವೂ ಇದ್ದು, ಜೊತೆಗೆ ಪೋಷಕರದೋ ಶಿಕ್ಷಕರದೋ ಆಸರೆಯೂ ಇದ್ದ ಮಕ್ಕಳಲ್ಲಿ ಎಚ್‌ಐವಿಗೆ ದಾರಿಯಾಗುವ ನಡವಳಿಕೆ ಸುಮಾರು ಅರ್ಧಕ್ಕೆ ಇಳಿದಿತ್ತು. ಹಣವೊಂದೇ ಇದ್ದಾಗ ಅಷ್ಟು ಫಲ ಕಾಣಲಿಲ್ಲ. ಆದ್ದರಿಂದ 4,000 ರೂಪಾಯಿಯ ಬೆನ್ನಿಗೆ ಒಬ್ಬ ಮನುಷ್ಯ ಇರಬೇಕು. ಮನೆಗೆ ಮರಳಿದ 7ನೇ ದಿನ, 30ನೇ ದಿನ, 90ನೇ ದಿನ ಭೇಟಿ. ನಾಲ್ಕನೆಯದು ಸೆಪ್ಟೆಂಬರಿನಲ್ಲಿ, ಮೇಸ್ತ್ರಿ ಮುಂಗಡ ಹಂಚುವ ಮುನ್ನ. ಈ ನಾಲ್ಕನೆಯದನ್ನು ಬಿಟ್ಟರೆ ಮೊದಲ ಮೂರೂ ನೀರಿನಲ್ಲಿ ಹೋಮ. ಹಣವೂ ಹಂಗಾಮಿಗೆ ಮುಂಚೆ ಕೈಸೇರಬೇಕು. ಆರು ತಿಂಗಳ ಬಾಕಿಯನ್ನು ಮಾರ್ಚಿನಲ್ಲಿ ಒಟ್ಟಿಗೆ ಹಾಕಿದರೆ ಹತ್ತಿಯೂ ಮುಗಿದಿರುತ್ತದೆ, ಮಗುವಿನ ವರ್ಷವೂ.

ಶಾಲೆಯ ಕಡೆ ಬಂದರೆ, ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆ 2021ರಲ್ಲಿ ಸಮಗ್ರ ಶಿಕ್ಷಣದೊಳಗೆ ಸೇರಿದ ಮೇಲೆ, ದುಡಿಮೆಯಿಂದ ಬಿಡಿಸಿದ ಮಕ್ಕಳಿಗೆಂದೇ ಇದ್ದ ವಿಶೇಷ ಕೇಂದ್ರಗಳು ಇಲ್ಲವಾದವು. ಮೂರನೇ ತರಗತಿಗೆ ಬಿಟ್ಟ ಹನ್ನೆರಡರ ಮಗುವನ್ನು ವಯಸ್ಸಿಗೆ ತಕ್ಕಂತೆ ಆರು-ಏಳನೇ ತರಗತಿಯಲ್ಲಿ ಕೂರಿಸುವುದು ಕಾನೂನು. ಅದೇ ಕಾನೂನು 3 ತಿಂಗಳಿಂದ 2 ವರ್ಷದವರೆಗೆ ವಿಶೇಷ ತರಬೇತಿಯನ್ನೂ ಹೇಳುತ್ತದೆ. ಮೊದಲನೆಯದು ಶಾಲಾ ದಾಖಲಾತಿಯ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ಒಂದು ಕ್ಲಿಕ್ಕಿಗೆ ಆಗುತ್ತದೆ, ಎರಡನೆಯದಕ್ಕೆ ಶಿಕ್ಷಕರು ಬೇಕು, ಹಾಗಾಗಿ ಆಗುವುದಿಲ್ಲ. ಅಕ್ಷರ ಕೂಡಿಸಲು ಬಾರದ ಮಗು ಏಳನೇ ತರಗತಿಯ ಪುಸ್ತಕ ಹಿಡಿದು ಎಷ್ಟು ದಿನ ಕೂತೀತು? ಹೊಲದಲ್ಲಿ ಆಕೆಗೆ ಮರ್ಯಾದೆ ಇತ್ತು, ಕೂಲಿ ಇತ್ತು, ಗೆಳತಿಯರಿದ್ದರು. ಶಾಲೆಯಲ್ಲಿ ದಡ್ಡಿ ಅನಿಸಿಕೊಳ್ಳುತ್ತಾಳೆ. ದಾಳಿಯಲ್ಲಿ ಸಿಕ್ಕ ಪ್ರತಿ ಮಗುವಿನ ಹೆಸರಿನ ಮುಂದೆ ವಿಶೇಷ ತರಬೇತಿ ಕೊಡುವ ಶಿಕ್ಷಕರ ಹೆಸರನ್ನೂ ಬರೆಯುವಂತೆ ಬಿಇಒಗಳಿಗೆ ಹೇಳಿ. ಮಗು ಒಂದು ವಾರ ಗೈರಾದರೆ ಆ ಶಿಕ್ಷಕರು ರಕ್ಷಣಾ ಘಟಕಕ್ಕೆ ಫೋನ್ ಮಾಡಲಿ.

ಗುಳೆ ಹೊರಡುವ ಮನೆಯವರು ಗಂಡುಹುಡುಗನನ್ನು ಅಜ್ಜಿಯ ಬಳಿ ಬಿಟ್ಟಾರು, ದೊಡ್ಡವಳಾದ ಹುಡುಗಿಯನ್ನು ಬಿಡಲಾರರು. ಅವಳನ್ನು ಕರೆದೊಯ್ಯಬೇಕು, ಇಲ್ಲವೇ ಮದುವೆ ಮಾಡಿ ಹೋಗಬೇಕು. ದಸರೆಯ ಆಸುಪಾಸು ಋತುಮಾನ ವಸತಿ ನಿಲಯ ತೆರೆದರೆ, ಹುಡುಗಿಯರ ವಸತಿ ಶಾಲೆಯಾದ ಕಸ್ತೂರಬಾ ವಿದ್ಯಾಲಯದಲ್ಲಿ ಹೆಚ್ಚುವರಿ ಹಾಸಿಗೆ ಕೊಟ್ಟರೆ ಎಷ್ಟೋ ಬಾಲ್ಯವಿವಾಹ ತಾನಾಗಿ ನಿಲ್ಲುತ್ತದೆ. ಮಂಜೂರಾತಿ ಡಿಸೆಂಬರಿನಲ್ಲಿ ಬಂದರೆ ಆಗಲೇ ಮನೆಗೆ ಬೀಗ ಬಿದ್ದಿರುತ್ತದೆ.

ಮದುವೆ ನಿಲ್ಲಿಸಿದಾಗಲೂ ಅದೇ ಮುಚ್ಚಳಿಕೆಯ ರೋಗ. ತಂದೆಯ ಸಹಿ ಹಾಕಿಸಿಕೊಂಡು ತಂಡ ಮರಳಿದ ವಾರದೊಳಗೆ ಗದ್ವಾಲ ಕಡೆಯ ಯಾವುದೋ ಗುಡಿಯಲ್ಲಿ ತಾಳಿ ಬೀಳುತ್ತದೆ. ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಮಿನಡಿ ನ್ಯಾಯಾಲಯದಿಂದ ತಡೆಯಾಜ್ಞೆ ತರುವುದು ಇದಕ್ಕೆ ಮದ್ದು. ಅದನ್ನು ಎರಡೂ ಕಡೆಯವರಿಗೆ ಜಾರಿ ಮಾಡಬೇಕು, ಹುಡುಗನ ಊರು ತೆಲಂಗಾಣವೋ ಆಂಧ್ರವೋ ಆದರೆ ಅಲ್ಲಿನ ರಕ್ಷಣಾ ಘಟಕಕ್ಕೂ ಪ್ರತಿ ಹೋಗಬೇಕು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಆದರೆ ಕಾಗದದ ಮೇಲೆ ಅಸಿಂಧುವಾದ ಮದುವೆಯೊಳಗೂ ಹುಡುಗಿ ಬಸುರಾಗುತ್ತಾಳೆ. ಹಾಗೆ ಆಸ್ಪತ್ರೆಗೆ ಬಂದವಳ ಬಗ್ಗೆ ಪೊಲೀಸರಿಗೆ ತಿಳಿಸುವುದು ವೈದ್ಯರ ಕರ್ತವ್ಯ. ಅದರ ಹೆದರಿಕೆಯಿಂದ ಆಸ್ಪತ್ರೆಗೇ ಬಾರದೆ ಮನೆಯಲ್ಲೇ ಹೆರುವವರೂ ಇದ್ದಾರೆ. ಚಿಕಿತ್ಸೆ ಮೊದಲು, ಕಾಗದ ಆಮೇಲೆ ಎಂದು ಆಸ್ಪತ್ರೆಗಳಿಗೆ ಸ್ಪಷ್ಟವಾಗಿ ಬರೆದು ತಿಳಿಸುವುದು ಒಳ್ಳೆಯದು.

ದತ್ತು ಆದೇಶವೂ ತಮ್ಮದೇ ಆದ್ದರಿಂದ, ತೊರೆದ ಹಸುಗೂಸುಗಳ ಬಗ್ಗೆ ಎರಡೇ ಮಾತು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಪೋಷಕ ಕುಟುಂಬಗಳಿಗೆ ಕೊಟ್ಟು ನೋಡಿದ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಮೂರೂವರೆ ವರ್ಷದ ಹೊತ್ತಿಗೆ ಬೆಳವಣಿಗೆಯ ಅಂಕ ಸಂಸ್ಥೆಯಲ್ಲಿ ಉಳಿದವರದು ಸರಾಸರಿ 77, ಕುಟುಂಬ ಸೇರಿದವರದು 86, ಮೊದಲಿನಿಂದ ಸ್ವಂತ ಮನೆಯಲ್ಲೇ ಬೆಳೆದವರದು 103. ಎರಡು ವರ್ಷ ತುಂಬುವ ಮೊದಲು ಕುಟುಂಬ ಸೇರಿದವರಲ್ಲಿ ಚೇತರಿಕೆ ಹೆಚ್ಚು. ನಮ್ಮ ಕಾಯ್ದೆ ಎರಡು ವರ್ಷದೊಳಗಿನ ತೊರೆದ ಮಗುವನ್ನು ದತ್ತು ಕೊಡಲು ಕಾನೂನಿನ ಅಡ್ಡಿಯಿಲ್ಲ ಎಂದು ಘೋಷಿಸಲು ಕೊಟ್ಟಿರುವುದು ಎರಡೇ ತಿಂಗಳು, ದತ್ತು ಆದೇಶಕ್ಕೆ ತಮಗೆ ಕೊಟ್ಟಿರುವುದೂ ಎರಡೇ ತಿಂಗಳು. ಪೊಲೀಸ್ ವರದಿ ಬಾರದೆ ಕಡತ ನಿಂತರೆ, ನಿಂತ ಪ್ರತಿ ತಿಂಗಳನ್ನೂ ಆ ಕೂಸು ತನ್ನ ಮಿದುಳಿನಲ್ಲಿ ತೆರುತ್ತದೆ.

ಹಣದ ಕೊರತೆ ಎಂಬ ಮಾತು ಬಂದರೆ: ಹಟ್ಟಿ ಚಿನ್ನದ ಗಣಿಯ ಈ ಜಿಲ್ಲೆಯಲ್ಲಿ, ಗಣಿಯವರು ಕಟ್ಟುವ ಹಣದಿಂದ ನಡೆಯುವ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಮಹಿಳೆಯರ ಮತ್ತು ಮಕ್ಕಳ ಕಲ್ಯಾಣ ಅದರ ಹೆಚ್ಚಿನ ಆದ್ಯತೆಯ ಬಾಬತ್ತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ. ಈ ಬಾಬತ್ತುಗಳು ಕಟ್ಟಡಕ್ಕೆ ಒದಗುವಷ್ಟು ಸಲೀಸಾಗಿ ಸಂಬಳಕ್ಕೆ ಒದಗುವುದಿಲ್ಲ ಎಂದು ನಮಗೂ ಗೊತ್ತು. ಆದರೂ ಗಣಿ ಬಾಧಿತ ಪ್ರದೇಶದ ಮಟ್ಟಿಗಾದರೂ ಹೋಬಳಿಗೊಬ್ಬ ಕ್ಷೇತ್ರ ಕಾರ್ಯಕರ್ತೆ, ಅವರಿಗೆ ಓಡಾಟದ ಭತ್ಯೆ ಎಂಬ ಒಂದು ಪ್ರಸ್ತಾವ ಸಿದ್ಧಪಡಿಸಿ. ಹೊಸ ಬಾಲಮಂದಿರದ ಕಟ್ಟಡಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ.

ಸದ್ಯಕ್ಕೆ ನಾವು ಕೇಳುತ್ತಿರುವುದು ಇಷ್ಟು. ಪ್ರಾಯೋಜಕತ್ವ ಸಮಿತಿಯ ಸಭೆ ಪ್ರತಿ ತಿಂಗಳು ಗೊತ್ತಾದ ಒಂದೇ ದಿನ ನಡೆಯಲಿ. ಬಾಕಿ ಇರುವ ಅರ್ಜಿ ಎಷ್ಟು, ಯಾವ ದಾಖಲೆಗಾಗಿ ನಿಂತಿದೆ ಎಂಬ ಪಟ್ಟಿ ಹೆಸರಿಲ್ಲದೆ, ಬರೀ ಸಂಖ್ಯೆಯಲ್ಲಿ ತಾಲ್ಲೂಕು ಕಚೇರಿಯ ಫಲಕದ ಮೇಲಿರಲಿ. ಮುಂದಿನ ತ್ರೈಮಾಸಿಕ ಪರಿಶೀಲನೆಯಲ್ಲಿ 'ಎಷ್ಟು ಮಕ್ಕಳನ್ನು ರಕ್ಷಿಸಿದಿರಿ' ಎಂದು ಕೇಳುವ ಮೊದಲು 'ಕಳೆದ ಹಂಗಾಮಿನಲ್ಲಿ ರಕ್ಷಿಸಿದ ಮಕ್ಕಳು ಈ ದಿನ ಎಲ್ಲಿದ್ದಾರೆ' ಎಂದು ಒಂದೊಂದೇ ಮಗುವಿನ ಲೆಕ್ಕ ಕೇಳಿ. ಆ ಸಭೆ ಆಗಸ್ಟ್ ಮುಗಿಯುವುದರೊಳಗೆ ನಡೆದರೆ, ಗಾಡಿಗಳು ಹೊರಡಲು ಇನ್ನೂ ಒಂದು ತಿಂಗಳ ಮೇಲೆ ಸಮಯ ಇರುತ್ತದೆ.

ವಿಶ್ವಾಸದಿಂದ,
ಮಕ್ಕಳ ರಕ್ಷಣೆಯ ಕೆಲಸದಲ್ಲಿ ತೊಡಗಿರುವವರು
ರಾಯಚೂರು